ಆರಿಸಪ್ಪನ ಅನಾನಸ್

ನನ್ನ ಷಡ್ಡಕನನ್ನು ಬೀದಿಯವರೆಲ್ಲ ಕರೆಯುವುದು ಆರಿಸಪ್ಪ ಎಂದು. ತಾಯಿ ಇಟ್ಟ ಹೆಸರು ಬೇರೆ ಇದೆ, ಅದನ್ನು ಅವನೇ ಮರೆತಿರಬೇಕು. ಉರಿಯುವುದನ್ನು ಕಂಡರೆ ಆರಿಸುತ್ತಾನೆ, ಅವನ ಚರಿತ್ರೆ ಇಷ್ಟೇ. ಅಗ್ನಿಶಾಮಕ ಠಾಣೆಯಲ್ಲಿ ಕೆಲಸ ಮಾಡುವವನು ಆರಿಸದೆ ಇನ್ನೇನು ಮಾಡುತ್ತಾನೆ ಎಂದು ನೀವು ಕೇಳಬಹುದು. ಸರಿಯೇ. ಆದರೆ ಲೆಕ್ಕದ ಮೇಷ್ಟ್ರು ಊಟಕ್ಕೆ ಕೂತಾಗ ಪಕ್ಕದವನಿಗೆ ಮಗ್ಗಿ ಕೇಳುವುದಿಲ್ಲ. ಕ್ಷೌರದವನು ಬಸ್ಸಿನಲ್ಲಿ ಮುಂದಿನ ಸೀಟಿನವನ ತಲೆಗೆ ಕತ್ತರಿ ಹಾಕುವುದಿಲ್ಲ. ಇವನು ಮಾತ್ರ ಸಮವಸ್ತ್ರ ಬಿಚ್ಚಿಟ್ಟ ಮೇಲೂ ಕೆಲಸದ ಮೇಲೇ ಇರುತ್ತಾನೆ.

ಚಿಕ್ಕಂದಿನಿಂದಲೂ ಹೀಗೇ ಅಂತೆ. ಅವನ ತಾಯಿ ಹತ್ತು ಮನೆಯ ಬಟ್ಟೆಗೆ ಇಸ್ತ್ರಿ ಮಾಡಿ ಸಂಸಾರ ತೂಗಿಸಿದವರು. ಇದ್ದಿಲಿನ ಇಸ್ತ್ರಿಪೆಟ್ಟಿಗೆ. ಕೆಂಡ ತುಂಬಿ, ಅಂಗಿ ಕೊಡವಿ ಹಾಸುವಷ್ಟರಲ್ಲಿ ಮಗರಾಯ ಪೆಟ್ಟಿಗೆಯ ಮುಚ್ಚಳ ತೆಗೆದು ಒಂದು ಲೋಟ ನೀರು ಹುಯ್ದಿರುತ್ತಿದ್ದ. ಆ ಬೀದಿಯ ಗಂಡಸರೆಲ್ಲ ಬೂದಿ ಮೆತ್ತಿದ ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋಗುವಂತಾಯಿತು. ತಾಯಿ ಬೈದರು, ಹೊಡೆದರು, ಹರಕೆಯೊಂದು ಬಾಕಿ. ಕೊನೆಗೆ ಅವನಿಗೆ ಮೀಸೆ ಚಿಗುರಿದ್ದೇ ತಡ, ಕೈಹಿಡಿದು ಠಾಣೆಗೆ ಕರೆದುಕೊಂಡು ಹೋಗಿ, "ಸ್ವಾಮಿ, ಇವನನ್ನ ನೀವೇ ಇಟ್ಕೊಳ್ಳಿ, ಸಂಬಳ ಕೊಡದಿದ್ರೂ ಪರವಾಗಿಲ್ಲ" ಅಂದರಂತೆ.

ಕೆಲಸದಲ್ಲಿ ಗಟ್ಟಿಗ. ಅದನ್ನು ಒಪ್ಪಿಕೊಳ್ಳಲು ನನಗೇನೂ ಹೊಟ್ಟೆಕಿಚ್ಚಿಲ್ಲ, ಸ್ವಲ್ಪ ಇದೆ. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮನೆಯ ಮುಂದೆ ವಾಹನ ನಿಲ್ಲಿಸಿದಾಗ, ಆ ಮನೆಯ ಯಜಮಾನ ಬಾಗಿಲಿಗೆ ಅಡ್ಡ ನಿಂತು, "ಏನಿಲ್ಲ, ಒಲೆ ಸ್ವಲ್ಪ ಹೊಗೆ ಹಾಕ್ತಿದೆ, ನೀವು ಹೋಗಿ" ಎಂದನಂತೆ. ಇವರು ಹೋದರು. ಮತ್ತೆ ಕರೆ ಬಂದು ತಿರುಗಿ ಬರುವಷ್ಟರಲ್ಲಿ ಆ ಮನೆಗೆ ಚಾವಣಿ ಇರಲಿಲ್ಲ. ಜೀವ ಹೋಗಲಿಲ್ಲ, ಪುಣ್ಯ. ಆದರೆ ಆ ಯಜಮಾನ ಬೀದಿಯಲ್ಲಿ ಒಂದೇ ಚಪ್ಪಲಿಯಲ್ಲಿ ನಿಂತಿದ್ದನ್ನು ಇವನು ಇವತ್ತಿಗೂ ಮರೆತಿಲ್ಲ. ಆಮೇಲೆ ಠಾಣೆಗೆ ಬಂದ ಪ್ರತಿಯೊಬ್ಬನಿಗೂ ಇವನು ಮೊದಲ ದಿನವೇ ಒಂದು ಪಾಠ ಹೇಳಿಕೊಡುತ್ತಾನೆ: ಬೆಂಕಿಯ ಮುಂದೆ ನಿಂತು 'ಏನಿಲ್ಲ' ಅನ್ನುವವನ ಮಾತು ಕೇಳಬೇಡ, ಅವನು ನಿನ್ನ ಅಪ್ಪನಾದರೂ ಸರಿ. ಈ ಪಾಠವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಠಾಣೆಗೆ ಇಂಥವನು ವರ. ಮನೆಗೆ? ನನ್ನ ಹೆಂಡತಿಯ ತಂಗಿ, ಅಂದರೆ ನನ್ನ ನಾದಿನಿ, ಇವನನ್ನು ಕಟ್ಟಿಕೊಂಡಾಗಿನಿಂದ ಬಿಸಿಯಾದ ಒಂದು ತುತ್ತು ಕಂಡವಳಲ್ಲ. ಅವಳು ಒಲೆ ಹಚ್ಚಿ ಈರುಳ್ಳಿ ಹೆಚ್ಚಲು ತಿರುಗಿದರೆ ಸಾಕು, ಇವನು ಬೆಕ್ಕಿನ ಹೆಜ್ಜೆಯಲ್ಲಿ ಬಂದು ಒಲೆ ಆರಿಸಿ ಹೋಗುತ್ತಿದ್ದ. ಅರೆಬೆಂದ ಅನ್ನ, ಉಗುರುಬೆಚ್ಚಗಿನ ಚಹಾ, ಮಧ್ಯದಲ್ಲಿ ಹಸಿಹಿಟ್ಟು ಉಳಿದ ರೊಟ್ಟಿ. ನೆಂಟರ ಮಕ್ಕಳ ಹುಟ್ಟುಹಬ್ಬಕ್ಕೆ ಕರೆದರೆ, ಮಗು ಬಾಯಿ ತೆರೆಯುವ ಮೊದಲೇ ಇವನ ಕೆನ್ನೆ ತಾನಾಗಿ ಉಬ್ಬಿ ಮೇಣದಬತ್ತಿಗಳೆಲ್ಲ ಫೂ. ಮಗು ಅಳು, ಇವನು ಪೆಚ್ಚುಮೋರೆ. "ಅಭ್ಯಾಸಬಲ" ಎನ್ನುತ್ತಿದ್ದ. ಬೇಸಿಗೆಯ ಕೊನೆಯಲ್ಲಿ ನಮ್ಮ ಕಟ್ಟಡದವರೆಲ್ಲ ಸೇರಿ ಹಿತ್ತಲಲ್ಲಿ ಕೆಂಡದ ಮೇಲೆ ಸುಟ್ಟು ತಿನ್ನುವ ಊಟವೊಂದನ್ನು ಇಟ್ಟುಕೊಳ್ಳುತ್ತೇವೆ. ಇವನಿಗೆ ಪ್ರತಿವರ್ಷವೂ ಬೇಕೆಂದೇ ಮರುದಿನದ ತಾರೀಖು ಹೇಳುತ್ತಿದ್ದೆವು. ಪಾಪ, ಇಸ್ತ್ರಿ ಅಂಗಿ ತೊಟ್ಟು ಮರುದಿನ ಬಂದು, ಖಾಲಿ ಹಿತ್ತಲಲ್ಲಿ ನಿಂತು, ತಣ್ಣಗಾದ ಬೂದಿಯ ಮೇಲೆ ಒಂದು ಚೊಂಬು ನೀರು ಹಾಕಿ ಹೋಗುತ್ತಿದ್ದ.

ಈ ಬೇಸಿಗೆಯಲ್ಲಿ ನಾದಿನಿಗೆ ಜ್ವರ ಬಂತು. ಬಾಯಿ ಕೆಟ್ಟಿದೆ, ಬಿಸಿಬಿಸಿ ಸೂಪು ಬೇಕು ಅಂದಳು. ಇವನು ಪ್ರೀತಿಯಿಂದಲೇ ತರಕಾರಿ ಹೆಚ್ಚಿ, ಒಲೆ ಮೇಲಿಟ್ಟು, ಕುದಿ ಬರುವ ಮೊದಲೇ ಆರಿಸಿ, ಬಟ್ಟಲಲ್ಲಿ ತಂದುಕೊಟ್ಟ. ಅವಳು ಒಂದು ಚಮಚ ಬಾಯಿಗಿಟ್ಟಳು. ಬಟ್ಟಲು ಕೆಳಗಿಟ್ಟಳು. ಸೂಟ್‌ಕೇಸು ತೆಗೆದುಕೊಂಡು ನೇರ ನಮ್ಮ ಮನೆಗೆ ಬಂದಳು.

"ಭಾವ, ಅವರು ಬೆಂಕಿ ಮೇಲಿಟ್ಟ ಪದಾರ್ಥ ಒಂದನ್ನಾದ್ರೂ ಪೂರ್ತಿ ಬೇಯಿಸಿ, ಬಿಸಿಯಾಗಿ ನನ್ನ ಕೈಗೆ ಕೊಡಲಿ. ಆವತ್ತೇ ಮನೆಗೆ ಹೋಗ್ತೀನಿ. ಇಲ್ದಿದ್ರೆ ನಾನು ಇಲ್ಲೇ."

'ಇಲ್ಲೇ' ಅಂದರೆ ನನ್ನ ಮಂಚ. ಅಕ್ಕತಂಗಿಯರು ಕೋಣೆಯಲ್ಲಿ ಹರಟೆ ಹೊಡೆಯುತ್ತ ಮಲಗಿದರೆ, ನಾನು ಹಾಲಿನಲ್ಲಿ, ಊಟದ ಮೇಜಿನ ಕೆಳಗೆ ಕಾಲು ಚಾಚಿ. ನನ್ನ ಪೇಪರು ಮೊದಲು ಅವಳಿಗೆ. ನನ್ನ ಕುರ್ಚಿ ಕಿಟಕಿಯಿಂದ ಗೋಡೆಗೆ ವರ್ಗ. ಊಟಕ್ಕೆ ಕೂತರೆ, "ಅಕ್ಕಾ, ಎಷ್ಟು ಬಿಸಿ ಇದೆ ಅಲ್ವಾ" ಎಂದು ಹೇಳಿ ಹೇಳಿ ಅವಳ ಕಣ್ಣು ತುಂಬುವುದು. ಅದನ್ನು ನೋಡಿದರೆ ನನಗೂ ಸಂಕಟವಾಗುತ್ತಿತ್ತು. ಮೇಜಿನ ಕಾಲಿಗೆ ಮೊಣಕಾಲು ಬಡಿದಾಗ ಇನ್ನೂ ಜಾಸ್ತಿ.

ಹೆಂಡತಿ ಉಪಾಯ ಹೇಳಿದಳು. ಈ ಸಲದ ಹಿತ್ತಲ ಊಟದಲ್ಲಿ ಕೊನೆಯ ಸಿಹಿಯನ್ನು ಅವನಿಗೇ ಬಿಡೋಣ. ಅನಾನಸಿನ ಬಿಲ್ಲೆಗಳಿಗೆ ಬೆಣ್ಣೆ, ಜೇನು ಸವರಿ ಗ್ರಿಲ್ಲಿನ ಕಂಬಿಗಳ ಮೇಲೆ ಇಡುವುದು, ಕಂದು ಗೆರೆ ಬಿದ್ದ ಮೇಲೆ ತೆಗೆಯುವುದು, ಚಕ್ಕೆ ಪುಡಿ ಉದುರಿಸುವುದು. ಬೇಕಾದ್ದು ತಾಳ್ಮೆ ಒಂದೇ. ನಾದಿನಿ ಒಪ್ಪಿದಳು. ಸರಿಯಾದ ತಾರೀಖು, ಜೊತೆಗೆ ಷರತ್ತು ಹೇಳಿದಾಗ ಆರಿಸಪ್ಪನ ಮುಖ ಅರಳಿತು, ಆಮೇಲೆ ಬಾಡಿತು. "ಅಣ್ಣಾ, ನನ್ನ ಕೈಲಿ ಆಗುತ್ತಾ?" ಎಂದ.

ತಾಲೀಮು ನನ್ನ ತಲೆಗೇ ಬಂತು. ಮೊದಲು ಬೆಂಕಿಕಡ್ಡಿ. ನಾನು ಗೀರಿದೆ, ಅವನು ಊದಿದ. ಗೀರಿದೆ, ಊದಿದ. ಪೊಟ್ಟಣ ಖಾಲಿಯಾಯಿತು. ಬಾಯಿ ತುಂಬ ಬಿಸ್ಕತ್ತು ತುರುಕಿದೆ. ಊದಿದ, ಬಿಸ್ಕತ್ತಿನ ಪುಡಿ ನನ್ನ ಕನ್ನಡಕಕ್ಕೆ. ಕೊನೆಗೆ ಒಂದು ದಾರಿ ಸಿಕ್ಕಿತು: ಎರಡೂ ಕೈ ಜೇಬಿನಲ್ಲಿ, ತುಟಿ ಬಿಗಿದು, ಮೂಗಿನಲ್ಲೇ ಉಸಿರು, ಮನಸ್ಸಿನಲ್ಲಿ ಹೆಂಡತಿಯ ಸೂಟ್‌ಕೇಸು. ಸೂಟ್‌ಕೇಸು ನೆನೆದರೆ ಅವನ ಕೆನ್ನೆ ಉಬ್ಬುತ್ತಿರಲಿಲ್ಲ. ಒಂದು ಸಂಜೆ ಇಡೀ ಮೇಣದಬತ್ತಿ ಅವನ ಮುಂದೆ ಬುಡದ ತನಕ ಉರಿದು ಮುಗಿಯಿತು. ಅವನು ಬೆವರಿನಲ್ಲಿ ತೊಯ್ದು, "ಅಣ್ಣಾ, ಅದು ತಾನಾಗೇ ಆರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎಂದ. ಇಷ್ಟು ವರ್ಷ ಬೆಂಕಿಯ ಜೊತೆ ಬಾಳಿದವನ ಮಾತು ಇದು.

ಊಟದ ದಿನ ಬಂತು. ನಮ್ಮ ಕಟ್ಟಡದ ಟೈಲರು ಎಣ್ಣೆ ಪೀಪಾಯಿ ಸೀಳಿ ಮಾಡಿಸಿದ ತನ್ನ ಗ್ರಿಲ್ ಹೊರಗೆ ತಂದ. ಜೋಳ, ಆಲೂಗಡ್ಡೆ, ಮೀನು ಎಲ್ಲ ಆಯಿತು. ಅಷ್ಟೂ ಹೊತ್ತು ಆರಿಸಪ್ಪ ಹಿತ್ತಲ ಗೋಡೆಗೆ ಮುಖ ಮಾಡಿ ನಿಂತಿದ್ದ. ಅವನ ಸರದಿ ಬಂದಾಗ ಇಕ್ಕಳ ಹಿಡಿದು ಕೆಂಡದ ಮುಂದೆ ಬಂದ. ಕಟ್ಟಡದವರೆಲ್ಲ ಅವರವರ ತಟ್ಟೆಗಳನ್ನು ಎದೆಗವಚಿಕೊಂಡು ಹಿಂದೆ ಸರಿದರು. ನಾದಿನಿ ಮಾತ್ರ ಎದುರು ಕುರ್ಚಿಯಲ್ಲಿ ಕೂತಳು, ಕಾಲ ಬಳಿ ಅದೇ ಸೂಟ್‌ಕೇಸು.

ಬಿಲ್ಲೆಗಳನ್ನು ಇಟ್ಟ. ಬೆಣ್ಣೆ ಕರಗಿ ಕೆಂಡಕ್ಕೆ ತೊಟ್ಟಿಕ್ಕಿತು, ಭಗ್ಗೆಂದು ಉರಿ ಎದ್ದಿತು. ಅವನ ಕೈ ಪಕ್ಕದಲ್ಲಿದ್ದ ನೀರಿನ ಬಕೆಟ್ಟಿನ ಕಡೆ ಹೋಯಿತು. ನನ್ನ ಮಂಚ ಕಣ್ಮುಂದೆ ಬಂತು. ಅವನು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಜೇಬಿಗೆ ಹಾಕಿದ. "ಉರೀಲಿ" ಎಂದ. ಹಣ್ಣಿನ ಮೇಲೆ ಕಂದು ಗೆರೆ ಮೂಡತೊಡಗಿತು, ಜೇನು ಕಾದ ವಾಸನೆ ಹಿತ್ತಲೆಲ್ಲ ಹಬ್ಬಿತು.

ಹೊಗೆಯೂ ಹಬ್ಬಿತು. ಕಟ್ಟಡದೊಳಗೆ ಮೆಟ್ಟಿಲ ಹತ್ತಿರದ ಓಣಿಗೆ ನುಗ್ಗಿತು. ಆ ಓಣಿಯಲ್ಲಿ, ಬೇಡ ಬೇಡ ಅಂದರೂ ಕೇಳದೆ, ಹಿಂದಿನ ವರ್ಷದ ಊಟ ಮುಗಿದ ಮೇಲೆ, ಹೊಗೆ ತಾಗಿದರೆ ಬಡಿದುಕೊಳ್ಳುವ ಗಂಟೆ ಹಾಕಿಸಿ ಅದನ್ನು ಸೀದಾ ಠಾಣೆಗೆ ಜೋಡಿಸಿದವನು ಇವನೇ. ಅದು ಬಡಿದುಕೊಳ್ಳಲು ಶುರುಮಾಡಿತು. ಠಾಣೆ ಪಕ್ಕದ ಬೀದಿಯಲ್ಲೇ ಇದೆ. ನಾವು ಮುಖಮುಖ ನೋಡಿಕೊಳ್ಳುವಷ್ಟರಲ್ಲಿ ಕೆಂಪು ವಾಹನ ಗೇಟಿನ ಮುಂದೆ. ಅವನೇ ತಯಾರು ಮಾಡಿದ ತಂಡ, ಪೈಪು ಬಿಚ್ಚಿಕೊಂಡು ಓಡಿ ಬಂತು.

ಆರಿಸಪ್ಪ ಗ್ರಿಲ್ಲಿನ ಮುಂದೆ ಎರಡೂ ಕೈ ಚಾಚಿ ನಿಂತ. ಅವನ ಬಾಯಿಂದ ಆ ಮಾತು ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

"ಏನಿಲ್ಲ ಕಣ್ರೋ," ಎಂದ. "ಸ್ವಲ್ಪ ಹೊಗೆ ಅಷ್ಟೇ. ನೀವು ಹೋಗಿ."

ತಂಡದ ಮುಂದಿದ್ದವನು ಒಂದು ಗಳಿಗೆ ತಡೆದ. ಗುರುವಿನ ಮುಖ ನೋಡಿದ. ಗುರು ಹೇಳಿಕೊಟ್ಟ ಮೊದಲ ಪಾಠ ನೆನಪಾಯಿತೆಂದು ಕಾಣುತ್ತದೆ. "ಕ್ಷಮಿಸಿ ಸಾರ್" ಎಂದು ನೀರು ಬಿಟ್ಟ.

ಆಮೇಲೆ ನಡೆದದ್ದು ಪ್ರಳಯ. ಗ್ರಿಲ್ ಮಗುಚಿತು, ಮೇಜಿನ ಬಟ್ಟೆ ಪಕ್ಕದ ಹಿತ್ತಲಿಗೆ ಹಾರಿತು, ಟೈಲರು ಮೀನಿನ ಸಮೇತ ಮೂಲೆಗೆ ಸರಿದ. ನಾನು ನಾದಿನಿಯ ಸೂಟ್‌ಕೇಸು ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ನೆನೆದರೆ ಮತ್ತೆ ನನ್ನ ಮನೆಯಲ್ಲೇ ಒಣಗಿಸಬೇಕಲ್ಲ. ನೀರು ನಿಂತಾಗ ಹಿತ್ತಲು ಕೆಸರು, ಕೆಂಡ ಕಪ್ಪು, ಎಲ್ಲರೂ ತೊಪ್ಪೆ. ಆರಿಸಪ್ಪ ಮಾತ್ರ ನೆಲಕ್ಕೆ ಬಾಗಿ ಕುಕ್ಕುರುಗಾಲಲ್ಲಿ ಕೂತಿದ್ದ, ಅಷ್ಟೂ ನೀರು ಅವನ ಬೆನ್ನ ಮೇಲೆ ಹರಿದಿತ್ತು.

ಅವನು ಮೆಲ್ಲಗೆ ಎದ್ದ. ಹೊಟ್ಟೆಗೆ ಅವಚಿಕೊಂಡಿದ್ದ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿತ್ತು. ಮೇಲಿನದನ್ನು ತೆಗೆದ. ನೀರು ಬೀಳುವ ಮೊದಲೇ ಕಂಬಿಯಿಂದ ಎತ್ತಿಕೊಂಡಿದ್ದ ಒಂದೇ ಒಂದು ಬಿಲ್ಲೆ, ನಾಲ್ಕು ಕಂದು ಗೆರೆ ಸ್ಪಷ್ಟವಾಗಿ ಮೂಡಿದ್ದು, ಅದರಿಂದ ಹಬೆ ಏಳುತ್ತಿತ್ತು. ಹಲ್ಲು ಕಟಕಟ ಅನ್ನುತ್ತಿದ್ದರೂ ಅವನು ಅದನ್ನು ಹೆಂಡತಿಯ ಮುಂದೆ ಹಿಡಿದ. ಅವಳು ಬೆರಳಲ್ಲಿ ಮುಟ್ಟಿ ಚಟ್ಟನೆ ಹಿಂದೆಳೆದುಕೊಂಡಳು.

ಅವಳ ಬೆರಳು ಸುಟ್ಟಿತೆಂದು ಕಂಡದ್ದೇ ತಡ, ಅವನ ಕೆನ್ನೆ ಉಬ್ಬಿತು. ಹಣ್ಣನ್ನು ಆರಿಸಿ ಕೊಡೋಣ ಎಂದು ತುಟಿ ಮುಂದೆ ಮಾಡಿದ. ಅವಳು ಅವನ ಬಾಯಿಗೆ ಅಂಗೈ ಅಡ್ಡ ಇಟ್ಟಳು.

"ಊದಬೇಡ್ರೀ," ಎಂದಳು. "ಬಿಸಿಯಾಗೇ ಇರ್ಲಿ."

ಕೈ ತೆಗೆಯದೆ, ಇನ್ನೊಂದು ಕೈಯಲ್ಲಿ ಬಿಲ್ಲೆ ಎತ್ತಿ ಬಾಯಿಗಿಟ್ಟುಕೊಂಡಳು. ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು, ಹಾ ಹಾ ಎನ್ನುತ್ತ ಪೂರ್ತಿ ತಿಂದಳು. ಅವನು ಅವಳ ಅಂಗೈಯ ಹಿಂದೆ ಉಬ್ಬಿದ ಕೆನ್ನೆಯಲ್ಲೇ ನಿಂತಿದ್ದ, ಉಸಿರು ಬಿಡದೆ, ಅವಳು ಕೊನೆಯ ತುಣುಕು ನುಂಗುವ ತನಕ. ಆಮೇಲೆ ಅವಳು ಮೆಟ್ಟಿಲ ಕಡೆ ತಿರುಗಿ, "ಭಾವ, ಸೂಟ್‌ಕೇಸು ಕೊಡಿ" ಎಂದಳು.