ಸಿಗಡಿಯ ಮೀಸೆ

ನಾಲ್ಕೈದು ದಿನಗಳಿಂದ ನಮ್ಮ ಕ್ಲಿನಿಕ್ಕಿನ ಗಾಜಿನ ತೊಟ್ಟಿಯಲ್ಲಿ ಟಕ್ ಎಂಬ ಸದ್ದು ಕೇಳುತ್ತಿಲ್ಲ. ಯಾರೋ ಚಿಟಿಕೆ ಹೊಡೆದಂಥ ಸದ್ದು ಅದು. ಹಲ್ಲುನೋವೆಂದು ಬಂದು ಕುಳಿತವರು ಅದನ್ನು ಕೇಳಿದ ತಕ್ಷಣ ತಮ್ಮ ದವಡೆಯನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಆಮೇಲೆ ರಿಸೆಪ್ಷನ್ನಿನಲ್ಲಿರುವ ನನ್ನ ಕಡೆ ತಿರುಗುತ್ತಿದ್ದರು. ನಾನು ತೊಟ್ಟಿಯತ್ತ ಕೈ ತೋರಿಸುತ್ತಿದ್ದೆ. ಕುವೈತಿನ ಸಾಲ್ಮಿಯಾದ ಈ ಕ್ಲಿನಿಕ್ಕಿಗೆ ಸೇರುವಾಗ ಒಂದು ಸಿಗಡಿಯ ಪರವಾಗಿ ಉತ್ತರ ಕೊಡುವುದೂ ನನ್ನ ಕೆಲಸ ಎಂದು ಯಾರೂ ಹೇಳಿರಲಿಲ್ಲ.

ನಮ್ಮ ಡಾಕ್ಟರರು ಈಜಿಪ್ಟಿನವರು. ಮೀನಿನ ಹುಚ್ಚು. ರೋಗಿಯ ಬಾಯಿ ತೆರೆಸಿ, ಹತ್ತಿ ತುರುಕಿ, ಆಮೇಲೆ ತೊಟ್ಟಿಯ ಕಥೆ ಶುರು ಮಾಡುತ್ತಾರೆ. ಎದುರು ಮಾತಾಡಲಾರದ ಇಂಥ ಕೇಳುಗರು ಬೇರೆ ಯಾರಿಗೆ ಸಿಗುತ್ತಾರೆ ಹೇಳಿ? ಬಾಗಿಲಾಚೆ ಕುಳಿತು ಕೇಳಿ ಕೇಳಿ ನನಗೂ ಅದು ಬಾಯಿಪಾಠವಾಗಿದೆ. ಮೀನು ಬೆರಳುದ್ದದ್ದು, ಮೈಮೇಲೆ ಹಳದಿ ಪಟ್ಟೆ. ಇಂಗ್ಲಿಷಿನಲ್ಲಿ ಅದಕ್ಕೆ ಗೋಬಿ ಅನ್ನುತ್ತಾರಂತೆ. ಆ ಹೆಸರಿಗೆ ನಮಗೆ ನೆನಪಾಗುವುದು ಬೇರೆಯೇ, ಬಿಡಿ. ಇಕ್ಕಳದಂಥ ಕಾಲು ಬಡಿದು ಟಕ್ ಎನ್ನಿಸುವ ಆ ಸಿಗಡಿ ಹವಳದ ಬುಡದ ಮರಳಿನಲ್ಲಿ ಒಂದು ಬಿಲ ತೋಡುತ್ತದೆ. ಅದಕ್ಕೆ ಕಣ್ಣು ಅಷ್ಟಕ್ಕಷ್ಟೆ. ಬೆಳಗಿನಿಂದ ಸಂಜೆಯವರೆಗೆ ಮರಳು ಹೊತ್ತು ತಂದು ಹೊರಗೆ ಸುರಿಯುವುದೊಂದೇ ಅದರ ಕಸುಬು. ಮೀನಿಗೆ ತೋಡಲು ಬರುವುದಿಲ್ಲ, ಆದರೆ ಕಣ್ಣು ಚುರುಕು. ಅದು ಬಿಲದ ಬಾಯಲ್ಲಿ ಸುಮ್ಮನೆ ನಿಂತಿರುತ್ತದೆ. ಹೊರಗೆ ಬಂದಾಗಲೆಲ್ಲ ಸಿಗಡಿ ತನ್ನ ಉದ್ದನೆಯ ಮೀಸೆಯ ತುದಿಯನ್ನು ಮೀನಿನ ಮೈಗೆ ತಾಗಿಸಿಯೇ ಇಟ್ಟುಕೊಳ್ಳುತ್ತದೆ. ಮೀನು ಬಾಲ ಅಲ್ಲಾಡಿಸಿತೋ, ಅಪಾಯ ಬಂತು ಎಂದು ಸಿಗಡಿ ಒಳಗೆ ಓಡುತ್ತದೆ.

ನಾನು ಕುಂದಾಪುರದವಳು. ಸಿಗಡಿಯನ್ನು ಸುಲಿದು ಉಪ್ಪು ಅರಶಿನ ಹಚ್ಚುವುದು ಗೊತ್ತಿತ್ತೇ ಹೊರತು ಅದಕ್ಕೂ ಜೊತೆಗಾರರು ಇರುತ್ತಾರೆಂದು ಯೋಚಿಸಿದವಳಲ್ಲ. ಆದರೆ ಆ ಮೀಸೆಯನ್ನು ಮೊದಲ ಸಲ ನೋಡಿದಾಗ ನನ್ನ ಕೈ ತಾನಾಗಿ ದುಪಟ್ಟಾದ ತುದಿಗೆ ಹೋಯಿತು. ಎಷ್ಟೋ ವರ್ಷ ಆ ತುದಿ ಫ್ಲೋರಾ ಬಾಯಿಯ ಕೈಯಲ್ಲಿರುತ್ತಿತ್ತು.

ಫ್ಲೋರಾ ಬಾಯಿ ಮಂಗಳೂರಿನ ಕಡೆಯವರು, ಆಸ್ಪತ್ರೆಯಲ್ಲಿ ನರ್ಸ್. ಈ ಊರಿಗೆ ನಾನು ಬಂದಾಗ ತಮ್ಮ ಫ್ಲಾಟಿನ ಒಂದು ಕೋಣೆ ನನಗೆ ಕೊಟ್ಟರು. ಅವರ ಮನೆಮಾತು ಕೊಂಕಣಿ, ನನ್ನದು ಕುಂದಾಪುರ ಕನ್ನಡ. ನಾನು ಬಾಯಿ ತೆರೆದರೆ ಅವರಿಗೆ ನಗು. ದಪ್ಪ ಕನ್ನಡಕ ಹಾಕುತ್ತಿದ್ದರು. ಸಂಜೆಯ ಹೊತ್ತು ಕಾರುಗಳ ದೀಪ ಎದುರಾದರೆ ಅವರಿಗೆ ರಸ್ತೆಯೇ ಕಾಣುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಎಂಥ ಗಂಡಸರನ್ನೂ ಗದರಿಸುವ ಹೆಂಗಸು, ಸಾಲ್ಮಿಯಾದ ರಸ್ತೆ ದಾಟುವಾಗ ಮಾತ್ರ ನನ್ನ ದುಪಟ್ಟಾದ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳುತ್ತಿದ್ದರು. ಕೈ ಹಿಡಿಯುತ್ತಿರಲಿಲ್ಲ. ಕೈ ಹಿಡಿದರೆ ಮುದುಕಿಯಾದ ಹಾಗೆ ಕಾಣುತ್ತದಂತೆ.

ಮನೆಯಲ್ಲಿ ಅವರು ಒಂದು ಕಡೆ ಕೂತದ್ದನ್ನು ನಾನು ಕಂಡಿಲ್ಲ. ಊರಿನಿಂದ ಸೂಟ್‌ಕೇಸಿನಲ್ಲಿ ತಂದ ಹಿಡಿಸೂಡಿ ಹಿಡಿದು ಗುಡಿಸಿದ್ದೇ ಗುಡಿಸಿದ್ದು. ಕುವೈತಿನ ಧೂಳಿಗೆ ಮುಚ್ಚಿದ ಕಿಟಕಿ ಲೆಕ್ಕಕ್ಕಿಲ್ಲ. ಬೆಳಿಗ್ಗೆ ಗುಡಿಸಿದ ನೆಲದಲ್ಲಿ ಸಂಜೆ ಹೆಜ್ಜೆ ಮೂಡುತ್ತದೆ. ಅವರು ಗುಡಿಸುವಾಗ ನಾನು ಎಲ್ಲಿರುತ್ತಿದ್ದೆ? ಕಿಟಕಿಯಲ್ಲಿ. ನಗಬೇಡಿ, ಅದೂ ಒಂದು ಕೆಲಸವೇ. ಆಕಾಶ ಕೆಂಪಗಾದರೆ ಧೂಳಿನ ಗಾಳಿ ಬರುತ್ತದೆಂದು ಮೊದಲು ಕೂಗುವವಳು ನಾನು. ಕೂಗಿದರೆ ಸಾಕು, ಅವರು ಓಡಿಹೋಗಿ ಒಣಹಾಕಿದ ಬಟ್ಟೆ ತೆಗೆಯುತ್ತಿದ್ದರು. "ನಿನಗೆ ನೋಡ್ಲಿಕ್ಕೆ ಮಾತ್ರ ಬರುದು ಮಾರಾಯ್ತಿ" ಎನ್ನುತ್ತಿದ್ದರು. ಬೈಗುಳವೇನಲ್ಲ, ಅವರು ನನಗೆ ಕೊಟ್ಟ ಸರ್ಟಿಫಿಕೇಟು ಅದು.

ಅವರದೊಂದು ಕಾನೂನು ಇತ್ತು. ಯಾರು ಎಲ್ಲಿಗೆ ಹೋದರೂ ಮುಟ್ಟಿದ ಕೂಡಲೇ ಒಂದು ರಿಂಗ್ ಕೊಡಬೇಕು. ಒಂದೇ. ಇನ್ನೊಬ್ಬರು ಎತ್ತಬಾರದು. ಗಲ್ಫಿಗೆ ಬಂದ ಹಳಬರಿಗೆಲ್ಲ ಈ ಮಿಸ್ಡ್ ಕಾಲ್ ಅಭ್ಯಾಸವಿತ್ತು. ಫೋನು ಪುಕ್ಕಟೆಯಾದ ಮೇಲೆ ಹೆಚ್ಚಿನವರು ಬಿಟ್ಟರು, ಫ್ಲೋರಾ ಬಾಯಿ ಬಿಡಲಿಲ್ಲ. ಅವರು ಆಸ್ಪತ್ರೆ ಮುಟ್ಟಿದರೆ ನನ್ನ ಫೋನು ಒಮ್ಮೆ ಕೂಗಿ ಸುಮ್ಮನಾಗುತ್ತಿತ್ತು. ನಾನು ಕ್ಲಿನಿಕ್ ಮುಟ್ಟಿದರೆ ಅವರದ್ದು. ಒಂದು ಸಲ ನಾನು ಮೈಮರೆತು ಎತ್ತಿಬಿಟ್ಟೆ. ಆ ದಿನ ಸಂಜೆಯೆಲ್ಲ ನನಗೆ ಪಾಠ.

"ನೀನು ಎತ್ತಿದೆ ಅಂದ್ರೆ ಎಂತದೋ ಆಗಿದೆ ಅಂತ ಅರ್ಥ ಅಲ್ವಾ? ನನ್ನ ಜೀವ ಬಾಯಿಗೆ ಬಂತು."

"ಎಂತ ಆಯ್ಲಿಲ್ಲ ಫ್ಲೋರಾ ಬಾಯಿ, ಸುಮ್ನೆ ಎತ್ತಿದ್ದ್."

"ಸುಮ್ಮನೆ ಎತ್ತುದೆಲ್ಲ ಬೇಡ. ಸುಮ್ಮನೆ ಇರುವವರು ಎತ್ತುದಿಲ್ಲ."

ಕೆಲಸ ಮುಗಿದು ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದಾದ ಮೇಲೆ ಈ ದೇಶದಲ್ಲಿ ಉಳಿಯುವ ಹಾಗಿಲ್ಲ. ಫ್ಲೋರಾ ಬಾಯಿ ಊರಿಗೆ, ತಂಗಿಯ ಮನೆಗೆ ಹೊರಟರು. ಹೊರಡುವ ದಿನವೂ ಫ್ಲಾಟು ಗುಡಿಸಿದರು. ಮರುದಿನ ಬೀಗದಕೈ ಮಾಲೀಕನಿಗೆ ಹೋಗುವುದಿತ್ತು, ಆದರೂ ಗುಡಿಸಿದರು. ಏರ್‌ಪೋರ್ಟಿನಲ್ಲಿ ಅಳುತ್ತಾರೆಂದು ನಾನು ಕಾದದ್ದೇ ಬಂತು. "ಮುಟ್ಟಿದ ಮೇಲೆ ರಿಂಗ್ ಕೊಡ್ತೇನೆ" ಎಂದು ಹೇಳಿ ಒಳಗೆ ಹೋದರು. ಅತ್ತವಳು ನಾನು. ಅವರು ಮಂಗಳೂರು ಮುಟ್ಟಿದ ರಿಂಗ್ ಬಂದಾಗ ಎತ್ತದೆ ಕೂತು ಇನ್ನೊಮ್ಮೆ ಅತ್ತೆ.

ಮೊದಮೊದಲು ದಿನವೂ ಬರುತ್ತಿತ್ತು. ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಮನೆ ಮುಟ್ಟಿದ ರಿಂಗ್. ಆಮೇಲೆ ಭಾನುವಾರಕ್ಕೊಮ್ಮೆ. ಆಮೇಲೆ ಗುಲಾಬಿ ಹೂವಿನ ಚಿತ್ರದ ಗುಡ್ ಮಾರ್ನಿಂಗ್ ಬರತೊಡಗಿತು. ಅದು ಅವರ ಪರಿಚಯದವರಿಗೆಲ್ಲ ಒಟ್ಟಿಗೆ ಹೋಗುವ ಗುಲಾಬಿ. ಅವರನ್ನು ದೂರುತ್ತಿಲ್ಲ. ತಂಗಿಯ ಮನೆಯ ತುಂಬ ಮೊಮ್ಮಕ್ಕಳು, ಕೋಳಿ, ಮಲ್ಲಿಗೆ ಗಿಡ. ಗುಡಿಸಲು ದೊಡ್ಡ ಅಂಗಳವೇ ಸಿಕ್ಕಿದೆ. ಅವರು ಸುಖವಾಗಿದ್ದಾರೆ. ನನಗೆ ಹೊಟ್ಟೆಕಿಚ್ಚು, ಅಷ್ಟೆ.

ನಾನು ಅದೇ ಕಟ್ಟಡದಲ್ಲಿ ಒಂದೇ ಕೋಣೆಯ ಸ್ಟುಡಿಯೋಕ್ಕೆ ಬದಲಾದೆ. ಈಗಲೂ ಕಿಟಕಿಯಲ್ಲಿ ನಿಲ್ಲುತ್ತೇನೆ. ಆಕಾಶ ಕೆಂಪಗಾಗುತ್ತದೆ. ಹೇಳಲು ಯಾರೂ ಇಲ್ಲ ಎಂದು ನೆನಪಾಗುವ ಹೊತ್ತಿಗೆ ಬಟ್ಟೆಯ ಮೇಲೆ ಧೂಳು ಕೂತಿರುತ್ತದೆ.

ಹೋದ ತಿಂಗಳ ಒಂದು ಶುಕ್ರವಾರ, ರಜೆಯ ದಿನ, ಸ್ನಾನ ಮುಗಿಸಿ ಬಚ್ಚಲಿನ ಬಾಗಿಲು ತೆರೆಯಹೋದರೆ ಹಿಡಿ ತಿರುಗುತ್ತದೆ, ಬಾಗಿಲು ತೆರೆಯುವುದಿಲ್ಲ. ಎಳೆದೆ, ಒದ್ದೆ, ಒದ್ದ ಕಾಲನ್ನು ಹಿಡಿದುಕೊಂಡು ಕೂತೆ. ಫೋನು ಹೊರಗೆ ಹಾಸಿಗೆಯ ಮೇಲಿತ್ತು. ಮರುದಿನವೂ ಕ್ಲಿನಿಕ್ಕಿಗೆ ರಜೆ. ಬಕೆಟ್ಟಿನ ಮೇಲೆ ಕೂತು, ನಾನು ಕಾಣಿಸುತ್ತಿಲ್ಲವೆಂದು ಮೊದಲು ಯಾರಿಗೆ ಅನ್ನಿಸಬಹುದು ಎಂದು ಯೋಚಿಸಿದೆ. ಬಾಗಿಲು ತೆರೆಯದೆ ಇದ್ದದ್ದಕ್ಕಿಂತ ಆ ಯೋಚನೆಗೇ ನನಗೆ ಹೆಚ್ಚು ಹೆದರಿಕೆಯಾಯಿತು. ಹೊರಗೆ ಫೋನು ಒಮ್ಮೆಯಾದರೂ ರಿಂಗಾದೀತೇ ಎಂದು ಬಾಗಿಲಿಗೆ ಕಿವಿಯಿಟ್ಟೆ. ಆಗಲಿಲ್ಲ.

ಬಚ್ಚಲಿನ ಮೇಲೊಂದು ಪುಟ್ಟ ಕಿಟಕಿ. ಅದು ಕಟ್ಟಡದ ಗಾಳಿಗೂಡಿಗೆ ತೆರೆಯುತ್ತದೆ. ಪಕ್ಕದ ಮನೆಯ ಹೆಂಗಸು ಮಕ್ಕಳಿಗೆ ಬ್ಯಾರಿ ಭಾಷೆಯಲ್ಲಿ ಗದರಿಸುವುದು, ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ದಿನಾ ಅದರಿಂದಲೇ ನನಗೆ ಕೇಳುತ್ತಿತ್ತು. ಲಿಫ್ಟಿನಲ್ಲಿ ಸಿಕ್ಕರೆ ನಾವು ಮುಗುಳ್ನಕ್ಕು ಬಾಗಿಲು ನೋಡಿಕೊಂಡು ನಿಲ್ಲುತ್ತಿದ್ದೆವು. ಆ ಕಿಟಕಿಗೆ ಬಾಯಿಟ್ಟು ನಾನು ಮೊದಲು ಕೂಗಿದ್ದೇನು ಗೊತ್ತೇ? "ಎಕ್ಸ್‌ಕ್ಯೂಸ್ ಮಿ." ರಿಸೆಪ್ಷನಿಸ್ಟ್ ಬುದ್ಧಿ. ನನಗೆ ಬರುವ ಅರೆಬರೆ ಹಿಂದಿ, ಅರಬ್ಬಿ ಎಲ್ಲ ಖರ್ಚಾದ ಮೇಲೆ, ಊರಿನ ಗದ್ದೆ ಅಂಚಿನಲ್ಲಿ ನಿಂತು ಕೂಗುವ ಹಾಗೆ ಕೂಗಿದೆ.

"ಹ್ವಾಯ್! ಯಾರಾರೂ ಇದ್ರ್ಯಾ?"

ಆ ಕಡೆ ಪಾತ್ರೆ ತೊಳೆಯುವ ಸದ್ದು ನಿಂತಿತು. "ಯಾರು? ನೀವು ಕುಂದಾಪುರದವರಾ?"

ಬಚ್ಚಲಲ್ಲಿ ಸಿಕ್ಕಿಕೊಂಡವಳನ್ನು ಕೇಳುವ ಮೊದಲ ಪ್ರಶ್ನೆ ಅದಾಗಬಾರದು. ಆದರೆ ಅಷ್ಟು ಸಂತೋಷದಿಂದ ನಾನು ಯಾವ ಪ್ರಶ್ನೆಗೂ ಹೌದು ಎಂದವಳಲ್ಲ.

"ಹೆದರ್ಬೇಡಿ ಅಕ್ಕ, ನಾನು ಹಾರಿಸ್‌ನನ್ನು ಕರೀತೇನೆ" ಎಂದರು ಅವರು. ಹಾರಿಸ್ ಎಂದರೆ ಇಲ್ಲಿ ಕಟ್ಟಡ ನೋಡಿಕೊಳ್ಳುವವನು. ಅವನು ಬರುವವರೆಗೂ ಆಕೆ ಕಿಟಕಿ ಬಿಟ್ಟು ಹೋಗಲಿಲ್ಲ. ತನ್ನ ಹೆಸರು ಝೊಹರಾ, ತವರು ಬಂಟ್ವಾಳ, ಗಂಡನಿಗೆ ಅಹ್ಮದಿಯಲ್ಲಿ ಕೆಲಸ ಎಂದೆಲ್ಲ ಹೇಳುತ್ತಲೇ ಇದ್ದರು. ಹಾರಿಸ್ ತನ್ನಲ್ಲಿದ್ದ ಬೀಗದಕೈಯಿಂದ ಮನೆಯೊಳಗೆ ಬಂದು ಬಚ್ಚಲಿನ ಬಾಗಿಲು ತೆಗೆದ ಮೇಲೆ ನನ್ನ ಫೋನಿನಲ್ಲಿ ತಮ್ಮ ನಂಬರು ತಾವೇ ಹಾಕಿಕೊಟ್ಟರು. "ಎಂತ ಬೇಕಾದ್ರೂ ಫೋನ್ ಮಾಡಿ ಅಕ್ಕ." ನಾನು ತಲೆಯಾಡಿಸಿದೆ. ಮಾಡಲಿಲ್ಲ. ಎಂತ ಬೇಕು ಎಂದು ಹೇಳುವುದು?

ಇವತ್ತು ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆರೆದವಳೇ ತೊಟ್ಟಿಯ ಮುಂದೆ ನಿಂತೆ. ಸಿಗಡಿ ಹೊರಗೆ ಬಂದಿರಲಿಲ್ಲ. ಚಿಪ್ಪು ಕಳಚಿರಬೇಕು, ಮೈ ಗಟ್ಟಿಯಾಗುವವರೆಗೆ ಒಳಗೇ ಇರುತ್ತದೆ ಎನ್ನುತ್ತಾರೆ ಡಾಕ್ಟರರು, ಸತ್ತಿದ್ದರೂ ಸತ್ತಿರಬಹುದಂತೆ. ಯಾರೂ ತೋಡದೆ ಬಿಲದ ಬಾಯಿಗೆ ಮರಳು ಕುಸಿದು ಅರ್ಧ ಮುಚ್ಚಿದೆ. ಮೀನು ಮಾತ್ರ ಅಲ್ಲೇ, ಅದೇ ಜಾಗದಲ್ಲಿ ನಿಂತಿದೆ. ನಾನು ಗಾಜಿನ ಹತ್ತಿರ ಮುಖ ತಂದಾಗ ಅದು ಬಾಲ ಅಲ್ಲಾಡಿಸಿತು. ಅದರ ಮೈಗೆ ತಾಗಿದ ಮೀಸೆ ಇರಲಿಲ್ಲ. ಆದರೂ ಅಲ್ಲಾಡಿಸಿತು. ನನಗೆ ತಡೆದುಕೊಳ್ಳಲಾಗಲಿಲ್ಲ.

ಫೋನು ತೆಗೆದು ಝೊಹರಾಗೆ ಒಂದು ರಿಂಗ್ ಕೊಟ್ಟೆ. ಒಂದೇ ಕೊಟ್ಟು ಕತ್ತರಿಸಬೇಕೆಂದಿದ್ದೆ. ಅಷ್ಟರಲ್ಲಿ ಅವರು ಎತ್ತಿಯಾಗಿತ್ತು.

"ಅಕ್ಕ? ಎಂತ ಆಯ್ತು? ಪುನಃ ಬಾಗಿಲಾ?"

"ಎಂತ ಇಲ್ಲೆ ಝೊಹರಾ. ಕ್ಲಿನಿಕ್ಕಿಗೆ ಮುಟ್ಟಿದೆ. ಅಷ್ಟೇ."

ಆ ಕಡೆ ಹಿಂದಿನಿಂದ ಒಂದು ಮಗು ತನ್ನ ಸಾಕ್ಸ್ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಅರಚುತ್ತಿತ್ತು.

"ಆಯ್ತಕ್ಕ" ಎಂದರು ಝೊಹರಾ. "ಸಂಜೆ ಮನೆಗೆ ಮುಟ್ಟಿದ ಮೇಲೂ ಹೇಳಿ."

ಫ್ಲೋರಾ ಬಾಯಿಯ ಕಾನೂನನ್ನು ಅವರಿಗೆ ಕಲಿಸಬೇಕೆಂದು ಬಾಯಿಯವರೆಗೆ ಬಂದಿತ್ತು. ಒಂದೇ ರಿಂಗ್, ಎತ್ತಬೇಡಿ, ಎತ್ತಿದರೆ ಏನೋ ಆಗಿದೆ ಎಂದು ಅರ್ಥ. ಹೇಳಲಿಲ್ಲ. ಎತ್ತಲಿ.