ಹರಕೆಯ ಟಗರು, ಆರನೆಯ ಮ್ಯಾಂಡೋಲಿನ್

ಮೊದಲು ಮಾಡಿದ ಐದು ಮ್ಯಾಂಡೋಲಿನ್‌ಗಳಲ್ಲಿ ಮೂರನ್ನು ನಾನೇ ಒಡೆದು ಹಾಕಿದ್ದೆ. ಒಂದನ್ನು ಗೋಡೆಗೆ ಅಪ್ಪಳಿಸಿದೆ, ಇನ್ನೊಂದನ್ನು ಕಾಲಲ್ಲಿ ತುಳಿದೆ. ಮೂರನೆಯದನ್ನು ಏನು ಮಾಡಿದೆನೋ ನೆನಪಿಲ್ಲ. ಸಿಟ್ಟಿಳಿದು ನೋಡಿದಾಗ ಅದರ ಚೂರುಗಳನ್ನು ಒಲೆಗಿಟ್ಟು ಅತ್ತಿಗೆ ನೀರು ಕಾಸುತ್ತಿದ್ದಳು. ನಮ್ಮದು ತೆಲಂಗಾಣದ ಗಡಿಯಲ್ಲಿ, ಮಕ್ತಲ್ ಹತ್ತಿರದ ಹಳ್ಳಿಯ ಕುರುಬರ ಮನೆ. ಸಿಟ್ಟಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಅಣ್ಣನ ಸಿಟ್ಟು ಯಾವಾಗಲೋ ಒಮ್ಮೆ ಬರುವಂಥದ್ದು, ನನ್ನದು ಮೂಗಿನ ತುದಿಯಲ್ಲೇ ಕೂತಿರುತ್ತದೆ.

ಮಕ್ತಲ್‌ನಲ್ಲಿ ನನ್ನದು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಕೆಲವು ವರ್ಷಗಳ ಹಿಂದೆ ಅಂಗಡಿಯಿಂದ ಊರಿಗೆ ಬರುವಾಗ ಲಾರಿಯೊಂದು ನನ್ನ ಬೈಕಿಗೆ ಗುದ್ದಿತು. ತೊಡೆಯ ಎಲುಬು ಮುರಿದು ಚರ್ಮ ಹರಿದು ಹೊರಗೆ ಬಂದಿತ್ತು. ರಾಯಚೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಈಗಲೇ ಏನೂ ಹೇಳಲಾಗದು ಎಂದ ದಿನ ಅಣ್ಣ ಊರಿಗೆ ಬಂದು, ಮಂದೆಯಿಂದ ಒಂದು ಗಂಡುಮರಿಯನ್ನು ಆರಿಸಿ, ಅದರ ಹಣೆಗೆ ಭಂಡಾರದ ಅರಿಶಿನ ಬಳಿದ. ತಮ್ಮ ಬದುಕಿದರೆ ಇದು ನಿನ್ನದು ಎಂದು ನಮ್ಮ ಕುಲದೇವರು ಬೀರಪ್ಪನಿಗೆ ಹರಕೆ ಹೊತ್ತ. ನಾನು ಬದುಕಿದೆ. ಮರಿ ಬೆಳೆದು ಕೊಂಬು ಸುತ್ತು ಹಾಕಿದ ಮೇಲೆ ಒಪ್ಪಿಸುವುದೆಂದು ಮಾತಾಗಿತ್ತು. ಅಲ್ಲಿಯವರೆಗೆ ಅದು ಊರೆಲ್ಲ ತಿರುಗಿತು, ಯಾರ ಹೊಲಕ್ಕೆ ನುಗ್ಗಿದರೂ ಯಾರೂ ಅದಕ್ಕೆ ಕೋಲು ಎತ್ತಲಿಲ್ಲ. ಅಣ್ಣ ಮಾತ್ರ ಅದು ಒಂದು ದಿನ ಮೇವು ಬಿಟ್ಟರೂ ನನಗೇನಾಯಿತೋ ಎಂದು ನನ್ನ ಮುಖ ನೋಡುತ್ತಿದ್ದ.

ಮ್ಯಾಂಡೋಲಿನ್ ಹುಚ್ಚು ಹಿಡಿದದ್ದು ಹಾಸಿಗೆಯಲ್ಲಿ. ಊರ ಭಜನೆಯವರು ಮುಖದ ಹಲಗೆ ಕುಸಿದಿದ್ದ ತಮ್ಮ ಹಳೆಯ ಮ್ಯಾಂಡೋಲಿನ್ ತಂದು, ಸುಮ್ಮನೆ ಮಲಗಿದ್ದೀಯಲ್ಲ, ಇದನ್ನಾದರೂ ನೋಡು ಎಂದು ಕೊಟ್ಟುಹೋದರು. ಬಿಚ್ಚಿದೆ. ಎದೆ ಉಬ್ಬಿಸದ, ಚಪ್ಪಟೆ ಮುಖದ ಸಾದಾ ಪೆಟ್ಟಿಗೆ. ಎಂಟು ತಂತಿಗಳು ಹಗಲೂ ರಾತ್ರಿ ಆ ತೆಳು ಹಲಗೆಯನ್ನು ಎಳೆಯುತ್ತಲೇ ಇರುತ್ತವೆ. ಒಳಗೆ ಅಂಟಿಸಿದ ನಾಲ್ಕು ಕಡ್ಡಿಗಳು ಅದನ್ನು ಬೀಳದಂತೆ ತಡೆದಿರುತ್ತವೆ. ಆ ಜಗ್ಗಾಟ ನನಗೆ ತುಂಬ ಹಿಡಿಸಿತು. ನಾನೂ ಮಾಡಬಲ್ಲೆ ಅನ್ನಿಸಿತು.

ಮಾಡುವುದು ಅಷ್ಟು ಸುಲಭವಿರಲಿಲ್ಲ. ಮಗ್ಗುಲಿನ ಪಟ್ಟಿಯನ್ನು ನೀರಲ್ಲಿ ನೆನೆಸಿ, ಕಾಯಿಸಿದ ಕಬ್ಬಿಣದ ಪೈಪಿಗೆ ಒತ್ತಿ ಬಗ್ಗಿಸಬೇಕು. ಅವಸರ ಮಾಡಿದರೆ ಫಟ್ ಎಂದು ಸೀಳುತ್ತದೆ. ನಾನು ಅವಸರದವನೇ. ಅಂಗೈ ಸುಟ್ಟುಕೊಂಡೆ, ಉಳಿ ಜಾರಿ ಹೆಬ್ಬೆರಳು ಸೀಳಿಕೊಂಡೆ, ಬಿಗಿ ಹೆಚ್ಚಾದ ತಂತಿ ಹರಿದು ಕೆನ್ನೆಗೆ ಗೆರೆ ಎಳೆಯಿತು. ಆದರೂ ಬಿಡಲಿಲ್ಲ.

ಆರನೆಯದು ಮಾತ್ರ ಬೇರೆ. ಗದ್ವಾಲಿನಲ್ಲಿ ನೇಕಾರರೊಬ್ಬರು ಹಳೆಯ ಮಗ್ಗ ಬಿಚ್ಚಿ ಮಾರಿದಾಗ ಅದರ ತೇಗದ ತೊಲೆ ತಂದಿದ್ದೆ. ಎಷ್ಟೋ ವರ್ಷ ಒಣಗಿದ ಕಟ್ಟಿಗೆ. ಅದರಿಂದ ಬೆನ್ನಿನ ಹಲಗೆಯನ್ನು ಜೋಳದ ರೊಟ್ಟಿಗಿಂತ ತೆಳ್ಳಗೆ ತೆಗೆದೆ. ನಾರಾಯಣಪೇಟೆಯಿಂದ ಅರಗು ತಂದು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಯಲ್ಲಿ ದಿನಕ್ಕೊಂದು ಸಲ ಉಜ್ಜಿದೆ. ಇಪ್ಪತ್ತು ದಿನ ಒಂದು ಸಲವೂ ಸಿಟ್ಟು ಬರಲಿಲ್ಲ. ಅತ್ತಿಗೆ ಬಂದು ಅದರ ಬೆನ್ನಿನಲ್ಲಿ ಮುಖ ನೋಡಿಕೊಂಡು ಕುಂಕುಮ ತಿದ್ದಿಕೊಂಡು ಹೋದಳು. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಇನ್ನು ತಂತಿ ಕಟ್ಟುವುದೊಂದೇ ಬಾಕಿ.

ಟಗರನ್ನು ಬೀರಪ್ಪನಿಗೆ ಒಪ್ಪಿಸಲು ಒಂಬತ್ತು ದಿನ ಉಳಿದಿದ್ದವು. ಅವತ್ತು ಬೆಳಗ್ಗೆ ಮ್ಯಾಂಡೋಲಿನ್ನನ್ನು ಗಾಳಿಗೆಂದು ಅಂಗಳದ ಕಟ್ಟೆಯ ಮೇಲೆ ಗೋಡೆಗೆ ಆನಿಸಿ, ಬೆನ್ನು ಹೊರಗೆ ಮಾಡಿ ಇಟ್ಟಿದ್ದೆ. ಟಗರು ಬಂತು. ಅದರ ಮುಂದೆ ನಿಂತಿತು. ಆಮೇಲೆ ನಿಧಾನವಾಗಿ ಏಳೆಂಟು ಹೆಜ್ಜೆ ಹಿಂದೆ ಸರಿಯಿತು. ನಾನು ನೋಡಿ ನಕ್ಕೆ, ಅದಕ್ಕೂ ನನ್ನ ಕೆಲಸ ದೂರದಿಂದ ನೋಡುವ ಆಸೆ ಎಂದುಕೊಂಡೆ. ಕುರಿಗಳ ನಡುವೆ ಹುಟ್ಟಿ ಬೆಳೆದ ನನಗೆ ಟಗರು ಹಿಂದೆ ಸರಿಯುವುದು ಯಾತಕ್ಕೆಂದು ಗೊತ್ತಿರಬೇಕಿತ್ತು. ಪಾಲಿಶಿನಲ್ಲಿ ಅದಕ್ಕೆ ಇನ್ನೊಂದು ಟಗರು ಕಂಡಿತ್ತು.

ಒಂದೇ ಗುದ್ದು. ಬೆನ್ನು ಸೀಳಿ, ಮುಖ ಒಡೆದು, ಕೊಂಬು ಗೋಡೆಗೆ ತಾಗಿ ಮಣ್ಣು ಉದುರಿತು. ಟಗರು ತಲೆ ಕೊಡವಿ ಮತ್ತೆ ಗುದ್ದಿತು. ಮ್ಯಾಂಡೋಲಿನ್ನಿನ ಕತ್ತು ಹಾರಿ ನನ್ನ ಕಾಲ ಬಳಿ ಬಿತ್ತು. ಅದು ಒಂದು ಸಲವೂ ದನಿ ಮಾಡದೆ ಹೋಯಿತು.

ಉಳಿ ಹೊಡೆಯುವ ಕೊಡತಿ ಕೈಯಲ್ಲೇ ಇತ್ತು. ಬೀಸಿದೆ. ಮೊದಲ ಏಟು ಹಣೆಗೆ ಬಿತ್ತು. ಎರಡನೆಯದಕ್ಕೆ ಎಡಗೊಂಬಿನ ಬುಡ ಲಟಕ್ಕೆಂದಿತು, ರಕ್ತ ನನ್ನ ತುಟಿಗೆ ಸಿಡಿಯಿತು. ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಅದು ಓಡಲೂ ಇಲ್ಲ. ಹುಟ್ಟಿದಾಗಿನಿಂದ ಯಾರೂ ಹೊಡೆಯದ ಪ್ರಾಣಿಗೆ ಓಡಬೇಕೆಂದು ತಿಳಿಯಲಿಲ್ಲ. ನನ್ನನ್ನೇ ನೋಡುತ್ತಾ ಏಟು ತಿಂದಿತು. ನಿಜ ಹೇಳುತ್ತೇನೆ, ನಾಲ್ಕನೆಯ ಏಟಿನವರೆಗೂ ನನಗೆ ಹಿತವಾಗಿತ್ತು. ಆ ಹಿತ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆ.

ಅಣ್ಣ ಯಾವಾಗ ಒಳಗೆ ಬಂದನೋ ಕಾಣಲಿಲ್ಲ. ಕೊಡತಿ ಕಿತ್ತುಕೊಂಡು ಅದರಿಂದಲೇ ನನ್ನ ಬೆನ್ನಿಗೆ ಹೊಡೆದ. ಬಿದ್ದೆ. ಭುಜಕ್ಕೆ, ಮೊಣಕೈಗೆ, ಬೆರಳುಗಳಿಗೆ ಹೊಡೆದ. ತೊಡೆಗೆ ಎತ್ತಿದಾಗ ಅತ್ತಿಗೆ ನನ್ನ ಮೇಲೆ ಅಡ್ಡ ಬಿದ್ದಳು.

“ಬಿಡ್ರೀ, ಮೊದಲ ಮುರದ ಎಲುಬು ಅದು.”

ಅಣ್ಣ ಕೊಡತಿ ಕೆಳಗೆ ಹಾಕಿದ. ಅವನ ಗಡ್ಡವೆಲ್ಲ ಕಣ್ಣೀರು.

“ಆ ಟಗರಿನಾಗ ಇವನ ಜೀವ ಐತಿ,” ಎಂದು ಅತ್ತಿಗೆಗೆ ಹೇಳಿದ. “ತನ್ನ ಜೀವಾನ ತಾನ ಬಡ್ಯಾಕ ಹತ್ಯಾನ, ನೋಡು.”

ಊನವಾದ ಟಗರು ದೇವರಿಗೆ ನಡೆಯುವುದಿಲ್ಲ ಎಂದು ಬೀರಪ್ಪನ ಪೂಜಾರಿ ಹೇಳಿದ. ಅಣ್ಣ ಗಾಯಕ್ಕೆ ಅರಿಶಿನ ಮೆತ್ತಿದ, ಬಾಯಿಗೆ ಗಂಜಿ ಹಾಕಿದ. ಕೊಂಬಿನ ಬುಡದಲ್ಲಿ ಹುಳು ಬಿದ್ದು ಐದನೆಯ ದಿನ ಟಗರು ಸತ್ತಿತು. ಅದನ್ನು ಕೊಯ್ಯುವ ಹಾಗಿರಲಿಲ್ಲ, ಮಾರುವ ಹಾಗಿರಲಿಲ್ಲ. ಬೇಲಿಯ ಪಕ್ಕ ಅಣ್ಣ ಗುಂಡಿ ತೋಡಿದ. ಬಾತ ಬೆರಳುಗಳಿಂದ ನಾನು ಸಲಿಕೆ ಮುಟ್ಟಲು ಹೋದರೆ ನನ್ನ ಎದೆಗೆ ಕೈಯಿಟ್ಟು ದೂಡಿದ. ಮಾತು ಬಿಟ್ಟ.

ಆದರೆ ನಾನು ಅಂಗಡಿಗೆ ಹೊರಟರೆ ರಸ್ತೆಯವರೆಗೆ ಹಿಂದೆ ಬರುತ್ತಿದ್ದ. ಸಂಜೆ ಬಸ್ಸು ಬರುವ ಹೊತ್ತಿಗೆ ಕುರಿಗಳನ್ನು ರಸ್ತೆಯ ಬದಿಗೇ ಹೊಡೆದುಕೊಂಡು ಬಂದು ನಿಂತಿರುತ್ತಿದ್ದ. ನಾನು ಇಳಿದದ್ದು ಕಂಡ ಕೂಡಲೇ ಮುಖ ತಿರುಗಿಸಿ ಮಂದೆಯನ್ನು ಎಬ್ಬಿಸುತ್ತಿದ್ದ. ನನಗೆ ಕೆಮ್ಮು ಬಂದರೆ ಅವನ ಊಟ ನಿಲ್ಲುತ್ತಿತ್ತು. ನನಗೆ ಹರಕೆಯಲ್ಲಿ ಅಂಥ ನಂಬಿಕೆಯಿಲ್ಲ. ಆದರೆ ಅವನ ಹೆದರಿಕೆ ನೋಡಿ ನನಗೂ ಹೆದರಿಕೆಯಾಯಿತು, ನನ್ನ ಬಗ್ಗೆ ಅಲ್ಲ, ಅವನ ಬಗ್ಗೆ.

ತಿಂಗಳ ಮೇಲೆ ಒಂದು ಮಧ್ಯಾಹ್ನ ಅಣ್ಣ ಕಂಬಳಿಯಲ್ಲಿ ಏನನ್ನೋ ಸುತ್ತಿಕೊಂಡು ಬಂದ. ಹುಟ್ಟಿ ವಾರವೂ ಆಗದ ಗಂಡುಮರಿ, ಹಣೆಯ ಮೇಲೆ ಭಂಡಾರ. ಅದನ್ನು ನನ್ನ ತೊಡೆಯ ಮೇಲೆ ಇಟ್ಟ. ಮರಿ ನನ್ನ ಬೆರಳನ್ನು ಬಾಯಿಗೆ ತೆಗೆದುಕೊಂಡು ಚೀಪತೊಡಗಿತು. ಇನ್ನೊಂದು ಕೈಯಿಂದ ಅದರ ತಲೆ ಸವರಿದೆ. ಅಣ್ಣ ಅದನ್ನು ನೋಡಿದ.

“ಇದು ದೊಡ್ಡದಾಗಾಕ ಎರಡು ವರ್ಷ ಬೇಕು,” ಎಂದ. “ಅಲ್ಲೀತನ ಸಾಯಬ್ಯಾಡ.”