ಅಂಚಿನ ಲಾಳಿ ಹಿಡಿದ ಬೇಸಿಗೆ

ಆಗ ನಮ್ಮೂರಲ್ಲಿ ಬೇಸಿಗೆ ಬಂತೆಂದು ಗೊತ್ತಾಗುತ್ತಿದ್ದುದು ಮಕ್ಕಳ ಕಾಲಿಗೆ ಮೆತ್ತಿದ ಮರಳಿನಿಂದ. ಮಕ್ತಲ್‌ನಿಂದ ಕೃಷ್ಣೆಯ ಕಡೆ ಇಳಿಯುವ ದಾರಿಯಲ್ಲಿ ನಮ್ಮ ಬಸಾಪುರ. ಹೊಳೆ ಬತ್ತಿತೆಂದರೆ ಆ ಬಯಲೆಲ್ಲ ಮಕ್ಕಳದೇ. ಅಲ್ಲಿ ಖರಬೂಜದ ಬಳ್ಳಿ, ಮೊಣಕಾಲುದ್ದದ ಮಡುವು, ದಂಡೆಯ ತಾಳೆಮರಗಳಲ್ಲಿ ತಾಟಿನುಂಗು. ಹತ್ತು ತುಂಬದ ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲ. ಆ ವರ್ಷ ನನಗೆ ಹತ್ತು ತುಂಬಿತ್ತು.

ಅದೇ ವರ್ಷ ಅವ್ವ ತುಂಬು ಬಸುರಿ. ನಮ್ಮದು ಕುಣಿಮಗ್ಗ, ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಕೂರಬೇಕು. ಸೀರೆಯ ಒಡಲು ಹತ್ತಿಯದು, ಅಂಚು ರೇಷ್ಮೆಯದು. ಅಪ್ಪನ ಲಾಳಿ ಅಂಚಿಗೆ ಬಂದಾಗಲೆಲ್ಲ, ಪಕ್ಕದಲ್ಲಿ ಕೂತವರು ರೇಷ್ಮೆಯ ಎಳೆಯನ್ನು ಹತ್ತಿಯ ಎಳೆಗೆ ಕೊಂಡಿ ಹಾಕಿ ಅಂಚಿನ ಲಾಳಿಯನ್ನು ತಿರುಗಿಸಬೇಕು. ಅದು ಅವ್ವನ ಜಾಗ. ಆ ಇಕ್ಕಟ್ಟಿನಲ್ಲಿ ಅವ್ವನ ಹೊಟ್ಟೆ ಹಿಡಿಸಲಿಲ್ಲ. ನಾನು ಕೂತೆ.

"ಮಗ್ಗಕ್ಕ ಏರಿಸಿದ ಈ ಹಾಸಿನ ನೂಲಿನ್ಯಾಗ ಎಂಟು ಸೀರಿ, ಅಷ್ಟೇ ಯವ್ವ," ಅಂದರು ಅಪ್ಪ. "ಎಂಟನೇದು ಮಗ್ಗದಿಂದ ಕೊಯ್ದ ದಿನ ಹೊಳಿಗೆ ಹೋಗುವಂತಿ."

ಪಕ್ಕದ ಮನೆಯ ಮಲ್ಲಿ ದಿನಾ ಬೆಳಿಗ್ಗೆ ಕಿಟಕಿಯಲ್ಲಿ ಮುಖ ಇಡುತ್ತಿದ್ದಳು.

"ಏ ನೀಲಿ, ಇನ್ನಾ ಎಷ್ಟು ಅದಾವಬೇ?"

"ಐದು."

"ಅಷ್ಟರಾಗ ಹೊಳಿ ತುಂಬಿ ಬರ್ತೈತಿ. ಮೀನಿನ ಕೂಡ ಆಡುವಂತಿ ತಗೋ."

"ಮಲ್ಲವ್ವ, ನಿಮ್ಮಪ್ಪಗ ಹೇಳ್ತೀನಿ, ನಿನ್ನೂ ಕುಣ್ಯಾಗ ಇಳಸಾಕ," ಎನ್ನುತ್ತಿದ್ದರು ಅಪ್ಪ. "ಪದ ಪದ" ಎಂದು, ನಡಿ ನಡಿ ಎನ್ನುವುದನ್ನು ತೆಲುಗಿನಲ್ಲೇ ಕೂಗುತ್ತ ಅವಳು ಹೊಳೆಗೆ ಓಡುತ್ತಿದ್ದಳು. ಸಂಜೆ ಬಂದು ಕಿಟಕಿಯ ಸರಳಿನೊಳಗಿಂದ ಒಂದು ತಾಟಿನುಂಗು ತೂರಿಸುತ್ತಿದ್ದಳು. ತಣ್ಣಗೆ ನಾಲಿಗೆಯ ಮೇಲೆ ಜಾರುತ್ತಿತ್ತು. ನೂಲಿಗೆ ಹಚ್ಚಿದ ಗಂಜಿಯ ಹುಳಿ ವಾಸನೆಯ ಆ ಕೋಣೆಯಲ್ಲಿ ನನಗೆ ಹೊಳೆ ಸಿಕ್ಕಿದ್ದು ಅಷ್ಟೇ.

ಏಳನೆಯ ಸೀರೆಯ ಹೊತ್ತಿಗೆ ಮೋಡ ಕಟ್ಟತೊಡಗಿತು. ನನಗೆ ಜೀವ ನಿಲ್ಲಲಿಲ್ಲ. ಅಪ್ಪನ ಕಣ್ಣು ಒಡಲಿನ ಚೌಕಗಳ ಮೇಲಿದ್ದಾಗ ಒಂದು ಗೇಣಿನಷ್ಟು ಕೊಂಡಿಯನ್ನೇ ಹಾಕದೆ ಲಾಳಿ ತಿರುಗಿಸಿದೆ. ಕೆಲಸ ಸರಸರ ಸಾಗಿತು. ಮಧ್ಯಾಹ್ನ ನೇಯ್ದ ಬಟ್ಟೆ ಸುತ್ತುವಾಗ ಅಪ್ಪ ಅಂಚಿನ ಮೇಲೆ ಕೈಯಾಡಿಸಿದರು. ಅವರ ಬೆರಳು ಒಡಲಿಗೂ ಅಂಚಿಗೂ ನಡುವೆ ಹಾಯ್ದು ಆಚೆ ಬಂತು.

ಹೊಡೆಯಲಿಲ್ಲ. ಬೆರಳನ್ನು ಅಲ್ಲೇ ಇಟ್ಟು ನನ್ನನ್ನು ನೋಡಿದರು.

"ಇದನ್ನ ಉಟ್ಟಾಕಿ ಯಾರದರ ಲಗ್ನದಾಗ ಬಾಗಿದ್ಲಂದ್ರ, ನಾಕು ಮಂದ್ಯಾಗ ಅಂಚು ಕೈಗೆ ಬರ್ತೈತಿ. ಆಕಿ ನಿನಗೇನು ಮಾಡಿದ್ಲು?"

ಎಳೆ ಎಳೆಯಾಗಿ ಬಿಚ್ಚಿ ಮತ್ತೆ ನೇಯಲು ಮೂರು ದಿನ ಹಿಡಿಯಿತು. ಮೂರನೆಯ ದಿನ ಮಳೆ ಹೊಡೆಯಿತು, ಎಂಟನೆಯ ಸೀರೆ ಅರ್ಧವಿರುವಾಗ ಹೊಳೆ ಬಂತು. ಮಲ್ಲಿ ಕಿಟಕಿಗೆ ಬಂದು ಕೊನೆಯ ತಾಟಿನುಂಗು ತೂರಿಸಿ ಹೋದಳು.

ಸೀರೆ ಕೊಯ್ದ ದಿನ ಅಪ್ಪ ಅಂಚು ಸವರಿ, "ನಿಮ್ಮವ್ವಗಿಂತ ಚಲೋ ಕೂತೈತಿ ಕೈ," ಅಂದರು. ಅಷ್ಟರಲ್ಲಿ ಹುಟ್ಟಿದ್ದ ತಮ್ಮನನ್ನು ಅವ್ವ ತೊಟ್ಟಿಲಲ್ಲಿ ತೂಗುತ್ತ ನಕ್ಕಳು. "ಹಂಗಾರ ಇನ್ನ ನಾ ಕುಣಿಗಿ ಇಳಿಯಂಗಿಲ್ಲ ನೋಡ್ರಿ."

ನನಗೆ ಎಷ್ಟು ಹಿಗ್ಗು! ಕೈ ಪಳಗಿದವರನ್ನು ಮಗ್ಗ ಬಿಡುವುದಿಲ್ಲವೆಂದು ಆಗ ತಿಳಿಯಲಿಲ್ಲ. ಮರುಬೇಸಿಗೆಯೂ ಅಲ್ಲೇ ಕೂತೆ, ಅದರ ಮುಂದಿನದೂ. ನಾರಾಯಣಪೇಟೆಗೆ ಮದುವೆಯಾಗಿ ಬರುವ ದಿನದವರೆಗೂ.

ಆ ದೇವರು, ಶಿವ, ನನಗೆ ಏನೂ ಕಡಿಮೆ ಮಾಡಿಲ್ಲ. ಅಪ್ಪ ಕೈ ಎತ್ತಲಿಲ್ಲ, ತಮ್ಮ ಗಟ್ಟಿಮುಟ್ಟಾಗಿ ಹುಟ್ಟಿದ, ಮಲ್ಲಿ ಒಂದು ಸಂಜೆಯೂ ಬರಿಗೈಲಿ ಬರಲಿಲ್ಲ. ಪೂಜೆಗೆ ಕೂತಾಗ ಇವನ್ನೆಲ್ಲ ನೆನೆಯುತ್ತೇನೆ.

ಹೋದ ಬೇಸಿಗೆಯಲ್ಲಿ ತವರಿಗೆ ಹೋದಾಗ ಮಲ್ಲಿಯೂ ಬಂದಿದ್ದಳು. ಇಬ್ಬರೂ ಹೊಳೆಗೆ ಹೋದೆವು. ಈಗ ಕೆಳಗೆ ಅಣೆಕಟ್ಟು ಬಂದು ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ. ಹೊಲಗಳು ಹಸಿರಾಗಿವೆ, ಅದೂ ದೇವರ ದಯೆ.

"ಅಗೋ, ಅಲ್ಲೇ ಆಡ್ತಿದ್ವಿ," ಎಂದು ಮಲ್ಲಿ ನೀರಿನ ನಡುವೆ ಬೆರಳು ತೋರಿಸಿ ಕಣ್ಣೊರೆಸಿಕೊಂಡಳು.

ತಾನು ಕಳೆದುಕೊಂಡದ್ದು ಏನೆಂದು ಅವಳಿಗೆ ಗೊತ್ತು. ಆ ಮರಳನ್ನು ಒಮ್ಮೆಯೂ ತುಳಿಯದ ನನಗೆ ಅಷ್ಟೂ ಗೊತ್ತಿಲ್ಲ.